ಗೋಲಿನ ಹಿಂದಿನ ದನಿ

"ಹೊರಗೆ ನಡೀರಿ!"

ಅಪ್ಪನ ಶವಪೆಟ್ಟಿಗೆಯ ಪಕ್ಕ ನಿಂತಿದ್ದ ಊನಾಳ ದನಿ ಮನೆಯೆಲ್ಲ ಕೇಳಿಸಿತು. ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಕೊನೆಯ ದರ್ಶನಕ್ಕೆ ಅಂಗಳದವರೆಗೆ ಸಾಲುಗಟ್ಟಿದ್ದವರು ಕತ್ತು ಉದ್ದ ಮಾಡಿದರು.

ಅವಳೆದುರು ನಿಂತಿದ್ದವನು ಲೋರ್ಕನ್, ಕೌಂಟಿಯ ಫುಟ್‌ಬಾಲ್ ತಂಡದಲ್ಲಿ ಫ್ರೀ ಕಿಕ್ ಹೊಡೆಯುವವನು. ಕೈ ಮುಂದೆ ಚಾಚಿ, "ನಿಮ್ಮ ದುಃಖದಲ್ಲಿ ನಾನೂ..." ಎಂದು ಎಲ್ಲರೂ ಹೇಳುವ ಮಾತನ್ನೇ ಶುರು ಮಾಡಿದ್ದ ಅಷ್ಟೇ.

"ನಮ್ಮಪ್ಪನ್ನ ಕೊಂದಿದ್ದು ನೀವೇ! ಒಂದು ಪಾಯಿಂಟ್ ಸಾಕಿತ್ತು... ಒಂದೇ ಒಂದು! ಹೀರೋ ಆಗೋಕೆ ಹೋದ್ರಿ ಅಲ್ವಾ? ಈಗ ಕೈ ಕುಲುಕೋಕೆ ಬಂದಿದೀರಾ?"

ಲೋರ್ಕನ್ ಕೈ ಹಿಂದೆಗೆದ. ಏನೋ ಹೇಳಲು ಬಾಯಿ ತೆರೆದ. ತಂಡದ ಮಫ್ಲರ್ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದ ಮಾರ್ಟಿಯನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಹೊರಟುಹೋದ.

'ಉತ್ತರ ಕೊಡೋಕೂ ಬಾಯಿಲ್ಲ!' ಎಂದು ಊನಾ ಮನಸ್ಸಿನಲ್ಲೇ ಹಲ್ಲು ಕಡಿದಳು.

ಆ ಪಂದ್ಯವನ್ನು ಅವಳು ಟೀವಿಯಲ್ಲಿ ನೋಡಿದ್ದಳು. ಪ್ರಾಂತ್ಯದ ಫೈನಲ್. ಕಡೇ ಗಳಿಗೆ, ಒಂದು ಪಾಯಿಂಟ್ ಹಿಂದೆ, ಗೋಲಿನ ಹತ್ತಿರವೇ ಫ್ರೀ ಕಿಕ್. ಚೆಂಡನ್ನು ಅಡ್ಡಕಂಬಿಯ ಮೇಲಿಂದ ದಾಟಿಸಿದ್ದರೆ ಒಂದು ಪಾಯಿಂಟ್ ಬಂದು ಪಂದ್ಯ ಸಮವಾಗುತ್ತಿತ್ತು, ಹೆಚ್ಚುವರಿ ಆಟ ಸಿಗುತ್ತಿತ್ತು. ಲೋರ್ಕನ್ ಕಣ್ಣು ಮುಚ್ಚಿಕೊಂಡು ಹೊಡೆಯಬಹುದಾದ ಕಿಕ್! ಆದರೆ ಅವನು ಕಂಬಿಯ ಕೆಳಗೆ, ಮೂರು ಪಾಯಿಂಟಿನ ಗೋಲಿಗೇ ಗುರಿಯಿಟ್ಟ. ಎದುರಾಳಿಯ ಗೋಲ್‌ಕೀಪರ್ ತಡೆದ. ಸೀಟಿ ಕೂಗಿತು. ಮಾರ್ಟಿ ಬದುಕೆಲ್ಲ ಕಾದಿದ್ದ ಕಪ್ ಬೇರೆಯವರ ಪಾಲಾಯಿತು. ಗೋಲಿನ ಹಿಂದೆ ನಿಂತಿದ್ದ ಮಾರ್ಟಿ ಎದೆ ಹಿಡಿದು ಕುಸಿದವರು ಆಸ್ಪತ್ರೆ ಮುಟ್ಟಲೇ ಇಲ್ಲ.

ಸಣ್ಣ ಕೌಂಟಿ ನಮ್ಮದು. ಇಲ್ಲಿಯ ಮಕ್ಕಳೇ ಇಲ್ಲಿಗೆ ಆಡಬೇಕು. ಸಂಬಳವಿಲ್ಲ, ಹೊರಗಿನಿಂದ ಕೊಂಡು ತರುವ ಮಾತೂ ಇಲ್ಲ. ಭಾನುವಾರ ಆಡಿದವನೇ ಸೋಮವಾರ ನಿಮ್ಮನೆ ನಲ್ಲಿ ರಿಪೇರಿಗೆ ಬರುತ್ತಾನೆ. ಲೋರ್ಕನ್ ಪ್ಲಂಬರ್. ಫೈನಲ್‌ಗೆ ಮುಂಚೆ ಸರಿಯಿದ್ದ ಪೈಪುಗಳೂ ಕೆಟ್ಟಿದ್ದವು, ಅವನಿಗೆ ಚಹಾ ಕುಡಿಸಿ "ಗೆಲ್ತೀವಾ?" ಅಂತ ಕೇಳಬೇಕಿತ್ತಲ್ಲ! ಫೈನಲ್ ಆದಮೇಲೆ ಮನೆಯೊಳಗೆ ಮೊಣಕಾಲುದ್ದ ನೀರು ನಿಂತರೂ ಅವನನ್ನು ಕರೆಯುವವರಿಲ್ಲ. ಹೊತ್ತು ಮೆರೆಸಲೂ ನಮ್ಮವರಿಗೆ ಗೊತ್ತು, ಎತ್ತಿ ಒಗೆಯಲೂ ಗೊತ್ತು.

ಊನಾಳ ಮಾತು ಕೌಂಟಿಯೆಲ್ಲ ಹರಡಿತು. ಪಬ್ಬಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ... "ಮಾರ್ಟಿಯನ್ನ ಕೊಂದವನು." ಒಂದು ಬೆಳಗ್ಗೆ ಅವಳು ತನ್ನ ಔಷಧಿ ಅಂಗಡಿಯ ಬಾಗಿಲು ತೆರೆಯುವಾಗ ರಸ್ತೆಯಲ್ಲಿ ಲೋರ್ಕನ್‌ನ ವ್ಯಾನು ಹೋಯಿತು. ಅದರ ಮೈಮೇಲೆ ಯಾರೋ ಕೆಂಪು ಬಣ್ಣದಲ್ಲಿ ಗೀಚಿದ್ದರು: ಕೊಲೆಗಾರ.

ಕೀಲಿ ಹಿಡಿದೇ ಅವಳು ಅದನ್ನು ಮತ್ತೊಮ್ಮೆ ಓದಿದಳು. ಅದು ತನ್ನದೇ ಮಾತು...

ಮಾತ್ರೆ ಕೊಳ್ಳಲು ಬಂದಿದ್ದ ಮುದುಕ ಹ್ಯೂಗಿಯೂ ಅದನ್ನು ನೋಡಿದರು. ದೊಡ್ಡ ಪಂದ್ಯಗಳಿಗೆಲ್ಲ, ಆ ಫೈನಲ್‌ಗೂ, ಮಾರ್ಟಿಯ ಜೊತೆಗೆ ಹೋದವರು ಅವರು. ಒಳಗೆ ಬಂದವರೇ ಕೌಂಟರ್ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು.

"ಹ್ಯೂಗಿ! ಏನಾಯ್ತು? ಕೂತ್ಕೊಳ್ಳಿ..."

"ಪಾಪ ಸುತ್ಕೊಳ್ಳುತ್ತೆ ಕಣಮ್ಮ ನಂಗೆ. ಆ ಹುಡುಗಂದು ಏನೂ ತಪ್ಪಿಲ್ಲ."

"ಅಂದ್ರೆ?"

"ಅವತ್ತು ಮಳೆಗೆ ಸ್ಕೋರ್ ಬೋರ್ಡು ಕೆಟ್ಟು ನಿಂತಿತ್ತು. ಎದುರಾಳಿಗಳು ಒಂದು ಪಾಯಿಂಟ್ ಹೊಡೆದ್ರು, ಪಾಯಿಂಟ್ ಆಯ್ತು ಅಂತ ಬಿಳಿ ಬಾವುಟಾನೂ ಎತ್ತಿದ್ರು. ಆಮೇಲೆ ರೆಫರಿ ಅದನ್ನ ರದ್ದು ಮಾಡ್ದ. ರದ್ದು ಮಾಡಿದ್ದನ್ನ ನಿಮ್ಮಪ್ಪ ನೋಡ್ಲೇ ಇಲ್ಲ. ಆಗ್ಲೇ ಎದೆ ಹಿಡ್ಕೊಂಡು ಬಗ್ಗಿದ್ದ. ಡಾಕ್ಟರ್ ಹತ್ರ ಹೋಗೋಣ ಅಂದ್ರೆ, 'ಪಂದ್ಯ ಮುಗೀಲಿ ಸುಮ್ನಿರೋ' ಅಂತ ನನ್ನೇ ಬೈದ."

ಊನಾ ಅವರಿಗೆ ಕುರ್ಚಿ ಎಳೆದುಕೊಟ್ಟಳು.

"ಲೋರ್ಕನ್‌ಗೆ ಆಗ ತಾನೇ ತಲೆಗೆ ಪೆಟ್ಟು ಬಿದ್ದಿತ್ತು. ಕಿಕ್ ಹೊಡೆಯೋಕೆ ಬಂದವನು ಗೋಲಿನ ಹಿಂದೆ ನೋಡಿ, 'ಎಷ್ಟು ಮಾರ್ಟಿ?' ಅಂತ ಕೂಗಿದ. ಚಿಕ್ಕಂದಿನಿಂದ ಅವನಿಗೆ ನಿಮ್ಮಪ್ಪ ಹೇಳಿದ್ದೇ ಲೆಕ್ಕ ಅಲ್ವಾ? 'ಎರಡು ಹಿಂದೆ! ಗೋಲಿಗೇ ಹೊಡಿ!' ಅಂದ ಮಾರ್ಟಿ. ಒಂದೇ ಕಣೋ ಅಂತ ನಾನು ಬಾಯಿ ತೆಗೆಯೋಷ್ಟರಲ್ಲಿ ಹೊಡೆದಾಗಿತ್ತು."

"ಅಪ್ಪಂಗೆ... ಗೊತ್ತಾಯ್ತಾ?"

"ಆಂಬುಲೆನ್ಸಲ್ಲಿ ನನ್ನ ಕೈ ಬಿಡ್ಲೇ ಇಲ್ಲ. 'ನನ್ನ ಲೆಕ್ಕ ತಪ್ಪಿತು ಹ್ಯೂಗಿ. ಎಲ್ಲರಿಗೂ ಹೇಳ್ಬಿಡು, ಹುಡುಗನ್ನ ಬೈಬಾರ್ದು' ಅಂದ. ಜನ ನಮ್ಮನ್ನ ಏನಂತಾರೋ ಅಂತ ಹೆದರ್ಕೊಂಡು ಸುಮ್ನಿದ್ದೆ ಕಣಮ್ಮ. ನಾನು ಹೇಡಿ."

ಅಂಗಡಿಯ ಬಾಗಿಲು ಎಳೆದುಕೊಂಡವಳೇ ಊನಾ ಲೋರ್ಕನ್‌ನ ಶೆಡ್ಡಿಗೆ ಓಡಿದಳು.

ಅವನು ಬಕೆಟ್ ಇಟ್ಟುಕೊಂಡು ವ್ಯಾನು ಉಜ್ಜುತ್ತಿದ್ದ. ಅವಳನ್ನು ಕಂಡು ಕೈಲಿದ್ದ ಬಟ್ಟೆ ಕೆಳಗಿಟ್ಟ, ಇನ್ನೊಮ್ಮೆ ಬೈಸಿಕೊಳ್ಳಲು ತಯಾರಾದವನಂತೆ.

"ಯಾಕೆ ಬಾಯಿ ಬಿಡ್ಲಿಲ್ಲ ನೀವು?"

ಅವನಿಗೆ ಅರ್ಥವಾಯಿತು. "ಹ್ಯೂಗಿ ಹೇಳಿದ್ರಾ?"

"ನಾನು ಅಷ್ಟು ಜನರ ಮುಂದೆ ಕೊಲೆಗಾರ ಅಂದೆ! ಒಂದು ಮಾತು ಹೇಳಬಾರದಿತ್ತಾ?"

"ಹೆಣದ ಮುಂದೆ ನಿಂತು 'ತಪ್ಪು ನಂದಲ್ಲ, ಇವರದು' ಅನ್ನಲಾ?" ಲೋರ್ಕನ್ ಮೆಲ್ಲಗೆ ಹೇಳಿದ. "ಯಾರೂ ಬರದ ಚಳಿಗಾಲದ ಪಂದ್ಯಗಳಿಗೂ ಬರ್ತಿದ್ರು ಮಾರ್ಟಿ. ಕೆಸರಲ್ಲಿ ಒಬ್ಬರೇ ನಿಂತು ನನ್ನ ಹೆಸರು ಕೂಗ್ತಿದ್ರು. ಬದುಕಿರೋನು ನಾನು, ಹೇಗೋ ತಡ್ಕೋತೀನಿ. ಅವರು ತಿರುಗಿ ಬಂದು ಜವಾಬು ಕೊಡೋಕಾಗುತ್ತಾ?"

"ತಂಡ?"

"ಬಿಟ್ಟೆ. ಜರ್ಸಿ ಹಾಕ್ಕೊಂಡ್ರೆ ಮೈ ನಡುಗುತ್ತೆ."

ಊನಾ ಅಲ್ಲೇ ಕುಸಿದು ಕೂತು, ಅಪ್ಪನ ಮಣ್ಣಿನ ದಿನವೂ ಅಳದಷ್ಟು ಅತ್ತಳು. ಲೋರ್ಕನ್‌ಗೆ ಸಮಾಧಾನ ಮಾಡಲು ಬರಲಿಲ್ಲ. ಬಕೆಟ್ ಸರಿಸಿ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವಳೇ ಎದ್ದು ಬಟ್ಟೆ ಕೈಗೆತ್ತಿಕೊಂಡಳು.

"ಬೇಡ, ಥಿನ್ನರ್ ಇದೆ. ಕೈ ಉರಿಯುತ್ತೆ."

"ಉರೀಲಿ."

ಕೆಂಪು ಅಕ್ಷರಗಳು ಪೂರ್ತಿ ಹೋಗಲಿಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಬಣ್ಣ ಉಜ್ಜುವುದು ನೆಪವಾಯಿತು. ಮಾರ್ಟಿಯ ಬೈಗುಳಗಳನ್ನು ಅವನು ಅನುಕರಿಸಿ ತೋರಿಸುವಾಗ ಅವಳು ನಕ್ಕಳು, ನಕ್ಕಿದ್ದಕ್ಕೆ ಮತ್ತೆ ಅತ್ತಳು. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಆದರೆ ಅಂಗಡಿ ಬೀದಿಯಲ್ಲಿ ಜನ ಅವನನ್ನು ಕಂಡರೆ ಇನ್ನೂ ಆಚೆ ಬದಿಗೆ ದಾಟುತ್ತಿದ್ದರು.

"ನಾನು ಎಲ್ಲರಿಗೂ ಹೇಳ್ತೀನಿ," ಅಂದಳು ಒಂದು ಸಂಜೆ.

"ಹೇಳಬೇಡ ಊನಾ. ಇವತ್ತು 'ನಮ್ಮ ಮಾರ್ಟಿ' ಅನ್ನೋರೇ ನಾಳೆ 'ಕಪ್ ಕಳೆದ ಮುದುಕ' ಅಂತಾರೆ. ನಂಗೆ ಗೊತ್ತು ಈ ಜನ."

ಅವಳಿಗೂ ಗೊತ್ತಿತ್ತು. ಹೇಳಿದರೆ ಅಪ್ಪನ ಹೆಸರು ಹಾಳು... ಹೇಳದಿದ್ದರೆ ಇವನ ಬದುಕು! ಯಾವುದನ್ನು ಬಿಡಲಿ?

ಮಾರ್ಟಿ ತೀರಿಕೊಂಡು ತಿಂಗಳಾದ ದಿನದ ಬಲಿಪೂಜೆಯ ಪ್ರಾರ್ಥನೆ ಮುಗಿದು, ಎಲ್ಲರೂ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಚಹಾಕ್ಕೆ ಸೇರಿದ್ದರು. ಗುಂಪಿನಿಂದ ದೂರ, ಬಾಗಿಲ ಬಳಿ ಲೋರ್ಕನ್ ಒಬ್ಬನೇ ನಿಂತಿದ್ದ. ಅವನಿಗೆ ಚಹಾ ಕೊಡಲು ಯಾರೂ ಹೋಗಲಿಲ್ಲ. ಅದನ್ನು ನೋಡಿದ ಊನಾ ಎದ್ದು ನಿಂತಳು.

"ನಂದೊಂದು ಮಾತಿದೆ. ಅಪ್ಪನ ಶವದ ಮುಂದೆ ನಾನು ಸುಳ್ಳು ಹೇಳ್ದೆ. ಲೋರ್ಕನ್ ಯಾರನ್ನೂ ಕೊಲ್ಲಲಿಲ್ಲ. ಎರಡು ಹಿಂದೆ ಇದೀವಿ, ಗೋಲಿಗೆ ಹೊಡಿ ಅಂತ ಕೂಗಿದ್ದು ನಮ್ಮಪ್ಪ. ಲೆಕ್ಕ ತಪ್ಪಿದ್ದು ನಮ್ಮಪ್ಪ."

"ನಿಜ," ಎಂದು ಹ್ಯೂಗಿ ಕುರ್ಚಿ ಹಿಡಿದುಕೊಂಡು ಎದ್ದರು. "ನಾನು ಪಕ್ಕದಲ್ಲೇ ಇದ್ದೆ. ಸಾಯುವಾಗ ಇದನ್ನೇ ಹೇಳು ಅಂದಿದ್ದ ಅವನು."

ಮುದುಕಿಯೊಬ್ಬಳು ಚಹಾ ಕಪ್ಪನ್ನು ಮೇಜಿಗೆ ಕುಕ್ಕಿದಳು. "ಹೆತ್ತಪ್ಪನ ಹೆಸರಿಗೆ ಮಸಿ ಬಳಿದ್ಯಲ್ಲೇ!"

"ಹುಡುಗನಿಗೋಸ್ಕರ ನೋಡು," ಎಂದು ಮತ್ತೊಬ್ಬ ಗೊಣಗಿದ.

ಕುರ್ಚಿಗಳು ಸರಿದವು. ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಹೊರಟರು. ಲೋರ್ಕನ್‌ನ ಮುಂದೆಯೇ ಹಾದುಹೋದರೂ ಯಾರೂ 'ತಪ್ಪಾಯ್ತು' ಅನ್ನಲಿಲ್ಲ. ಒಬ್ಬ ಮಾತ್ರ ಅವನ ಭುಜ ಮುಟ್ಟಿದ, ಅದೂ ತಲೆ ಎತ್ತದೆ.

ಕಡೆಗೆ ಹ್ಯೂಗಿಯೂ ಹೋದರು. ಆರಿದ ಚಹಾ ಕಪ್ಪುಗಳ ನಡುವೆ ಇಬ್ಬರೇ ಉಳಿದರು.

"ಯಾಕೆ ಹೇಳ್ದೆ ಊನಾ? ಇನ್ನು ನಿನ್ನನ್ನೂ ಬಿಡಲ್ಲ ಇವರು."

"ಅಪ್ಪ ತಾನೇ ಹೇಳಬೇಕು ಅಂತಿದ್ದ, ಅವನಿಂದ ಆಗಲಿಲ್ಲ. ಅದಕ್ಕೆ ಹೇಳ್ದೆ. ಮತ್ತೆ..."

"ಮತ್ತೆ?"

"ನಿನ್ನನ್ನ ಪ್ರೀತಿಸ್ತೀನಿ ಅನ್ನೋ ಮುಂಚೆ, ನಿನ್ನ ಮೇಲೆ ನಾನೇ ಹೊರಿಸಿದ್ದನ್ನ ನಾನೇ ಇಳಿಸಬೇಕಿತ್ತು ಲೋರ್ಕನ್."

ಪಂದ್ಯ ಸೋತ ದಿನದಿಂದ ಒಂದು ಹನಿ ಕಣ್ಣೀರು ಹಾಕದವನು ಅವಳ ಭುಜದ ಮೇಲೆ ಮುಖವಿಟ್ಟು ಮಗುವಿನಂತೆ ಅತ್ತ. ಅವಳು ಅವನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂಗೂ ನೀನು ಬೇಕು ಊನಾ... ಆದರೆ ಕನಸಲ್ಲಿ ದಿನಾ ಆ ಕಿಕ್ ಹೊಡೀತೀನಿ. ದಿನಾ ತಪ್ಪುತ್ತೆ. ಬೆವೆತು ಎದ್ದು ಕೂರ್ತೀನಿ. ಅದು ಯಾವತ್ತೂ ಹೋಗಲ್ಲ ಅನ್ಸುತ್ತೆ."

"ಹೋಗದಿದ್ರೆ ಇರ್ಲಿ," ಅಂದಳು ಅವನ ಕಣ್ಣೊರೆಸುತ್ತಾ. "ಎಚ್ಚರ ಆದಾಗ ನನ್ನೂ ಎಬ್ಬಿಸು."