ಅಡರಕಟ್ಟಿಯ ಓಣಿಯಲ್ಲಿ ತುದಿಗಾಲು

ನೇತ್ರಾ ನಮ್ಮ ಗೇಟಿನೊಳಗೆ ಕಾಲಿಡುವ ಮೊದಲೇ ಭಾಗೀರಥಿಬಾಯಿ ಅಕ್ಕೋರು ಓದುತ್ತಿದ್ದ ಪೇಪರನ್ನು ಮಡಚಿಟ್ಟರು.

“ಕಾವೇರಿ, ಚಹಾಕ್ಕ ಇನ್ನೊಂದು ಕಪ್ ನೀರು ಹಾಕು. ಬರೋ ಹುಡಿಗಿ ನಿನ್ನಿಯಿಂದ ಏನೂ ತಿಂದಿಲ್ಲ. ಆದ್ರ ಆಕಿ ಅಳಲಿಕ್ಕೆ ಬಂದಿಲ್ಲ, ಜಗಳಾಡಲಿಕ್ಕೆ ಬಂದಾಳ.”

“ಅಷ್ಟೆಲ್ಲಾ ನಿಮಗ ಹೆಂಗ ಗೊತ್ತಾತ್ರಿ?”

“ನಡಿಗಿ ನೋಡು. ಕಾಲಾಗ ತ್ರಾಣ ಇಲ್ಲ, ಆದ್ರೂ ಹೆಜ್ಜಿ ಒದ್ದು ಒದ್ದು ಇಡಲಿಕ್ಕತ್ತಾಳ.”

ನಾವಿಬ್ಬರೂ ಬೆಟಗೇರಿಯ ಒಂದೇ ಶಾಲೆಯಿಂದ ನಿವೃತ್ತರಾದವರು. ಅವರು ಕನ್ನಡ ಕಲಿಸುತ್ತಿದ್ದರು, ನಾನು ಡ್ರಿಲ್ಲು. ನನ್ನ ಪಾಲಿಗೆ ನಡಿಗೆ ಎಂದರೆ ಎಡ, ಬಲ, ಮುಗಿಯಿತು. ಅಕ್ಕೋರಿಗೆ ಹಾಗಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಹೋಗುವವರ ಕಾಲನ್ನೇ ನೋಡುತ್ತಾರೆ. ಅಡ್ಡಾಡುವುದು ಬೇರೆ, ಅಲೆದಾಡುವುದು ಬೇರೆ, ಸುಳಿದಾಡುವುದು ಬೇರೆ ಎನ್ನುತ್ತಾರೆ. ನನಗೆ ಕಾಣುವುದು ಮೂರು ಜನ ಗಂಡಸರು ಒಂದೇ ರಸ್ತೆಯಲ್ಲಿ ಹೋಗುವುದಷ್ಟೇ. ಬಿರಬಿರನೆ ಹೋಗುವವನಿಗೆ ಕೆಲಸವೂ ಇರಬಹುದು, ಸಿಟ್ಟೂ ಇರಬಹುದು. ದಾಪುಗಾಲು ಹಾಕುವವನಿಗೆ ತಡವೂ ಆಗಿರಬಹುದು, ಸೊಕ್ಕೂ ಇರಬಹುದು. ಯಾವುದು ಯಾವುದೆಂದು ಅವರು ಹೇಳಿದರೆ ಅದು ಹಾಗೆಯೇ ಇರುತ್ತದೆ. ನಮ್ಮ ಓಣಿಯಲ್ಲಿ ಏನೇ ಕಳೆದರೂ ಜನ ಮೊದಲು ಬರುವುದು ಅವರ ಹತ್ತಿರ, ಅದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ನೇತ್ರಾ ನಮ್ಮ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿ ಸೇರಿದ್ದಳು. ಚಹಾದ ಕಪ್ಪನ್ನು ಮುಟ್ಟದೆ ಹೇಳಿದಳು.

“ನಮ್ಮತ್ತಿ ಸುಮಿತ್ರವ್ವನ ಬಂಗಾರದ ಬೋರಮಾಳ ಸರ ಕಳುವಾಗೇತ್ರಿ, ಅಕ್ಕೋರ. ನಾನ ಕದ್ದೀನಿ ಅಂತ ಓಣ್ಯಾಗ ನಿಂತು ಕೂಗಿ ಹೇಳ್ಯಾರ. ಮಾವಗೂ ನನ್ನ ಗಂಡಗೂ ನಿನ್ನೆನ ಫೋನ್ ಮಾಡಿ ಹೇಳ್ಯಾರ. ಇವತ್ತ ಸಂಜಿಗೆ ಮುಂಡರಗ್ಯಾಗ ಹಿರೇರ ಮುಂದ ನಿಂದ್ರಸತಾರ. ಅರಬಿ ಗಂಟು ಕಟಗೊಂಡು ಬಾ ಅಂದಾರ. ಅಲ್ಲಿಂದ ಹಂಗ ತವರಿಗೆ. ತವರಿಗೆ ಬರಾಕ ನನಗೇನು ಅಂಜಿಕಿಲ್ರಿ. ಆದ್ರ ಕಳ್ಳಿ ಅನಿಸಿಕೊಂಡು ಬರಂಗಿಲ್ಲ.”

ಅಕ್ಕೋರು ಕೇಳುತ್ತ ಹೋದಂತೆ ಉಳಿದದ್ದೂ ತಿಳಿಯಿತು. ನೇತ್ರಾಳ ಮಾವ ಅಂದಪ್ಪ ಊರಿನ ಪರವಾಗಿ ಶ್ರೀಶೈಲಕ್ಕೆ ಕಂಬಿ ಹೊರುವವರು. ಕಂಬಿ ಎಂದರೆ ಬಟ್ಟೆ, ಗೆಜ್ಜೆ ಕಟ್ಟಿ ಸಿಂಗರಿಸಿದ ಬಿದಿರು. ಭಕ್ತರಿಗೆ ಅದು ಸಾಕ್ಷಾತ್ ಮಲ್ಲಯ್ಯ. ಅದರ ಹಿಂದೆ ನಡೆಯುವವರು ಮಲ್ಲಯ್ಯನ ದರ್ಶನವಾಗುವವರೆಗೆ ಕಾಲಿಗೆ ಮೆಟ್ಟು ಹಾಕುವುದಿಲ್ಲ. ಮೊನ್ನೆ ಬೆಳಗ್ಗೆ ಇಡೀ ತಂಡ ಹೊರಟಿತ್ತು. ಜೊತೆಗೆ ನೇತ್ರಾಳ ಗಂಡ ಮೌನೇಶ, ಅವನು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದ. ಸುಮಿತ್ರವ್ವನ ತಮ್ಮ ವೀರೇಶನೂ ಇದ್ದ. ಅಕ್ಕನ ಮನೆಯಲ್ಲೇ ಬೆಳೆದವನು. ಮೊದಲ ರಾತ್ರಿ ಶಿರಹಟ್ಟಿಯಲ್ಲಿ ವಸ್ತಿ, ಇವತ್ತು ಸಂಜೆ ಮುಂಡರಗಿ. ಕಳುವಾದದ್ದು ನಿನ್ನೆ ಮಧ್ಯಾಹ್ನ, ಸುಮಿತ್ರವ್ವ ನಿದ್ದೆಯಲ್ಲಿದ್ದಾಗ.

“ನೀ ಆವಾಗ ಎಲ್ಲಿದ್ದಿ?”

“ಹಿತ್ತಲದಾಗ ಅರಿಷಿಣ ಪುಡಿ ಜರಡಿ ಹಿಡೀತಿದ್ನಿರಿ. ಅದ ನನ್ನ ಕುತ್ತಿಗಿಗೆ ಬಂತು. ಪೆಟ್ಟಿಗಿ ಮುಂದ ಅರಿಷಿಣದ ಕಲೆ ಬಿದ್ದೇತಿ.”

ಅಕ್ಕೋರು ಎದ್ದು ಸೆರಗು ಸರಿಮಾಡಿಕೊಂಡರು. “ನಡಿ, ಕಾವೇರಿ.”

ಅವರದು ಆಮೆಯ ನಡಿಗೆ. ಬಸ್ ಸ್ಟ್ಯಾಂಡಿನವರೆಗೆ ನಾನು ನಾಲ್ಕು ಸಲ ನಿಂತು ಕಾದೆ, ನಾಲ್ಕು ಸಲವೂ ಗೊಣಗಿದೆ.

ಲಕ್ಷ್ಮೇಶ್ವರದಲ್ಲಿ ಇಳಿದಾಗ ಹೇಮಪ್ಪನ ಟಂಟಂ ಆಟೋ ಸಿಕ್ಕಿತು. ಅವನು ಅದೇ ಓಣಿಯವನು, ಟ್ರ್ಯಾಕ್ಟರಿನಿಂದ ಬಿದ್ದು ಒಂದು ಕಾಲು ಕುಂಟು. ನಿನ್ನೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ ಎಂದು ಕೇಳದಿದ್ದರೂ ಹೇಳಿದ. ಕೇಳದೆ ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಸುಮಿತ್ರವ್ವ ನಮ್ಮನ್ನು ಬಾಗಿಲಲ್ಲೇ ತಡೆದಳು. “ಸಾಲಿ ಅಕ್ಕೋರನ ಕರಕೊಂಡ ಬಂದ್ರ ಕಳುವು ಮುಚ್ಚತೈತೇನ?”

“ಮುಚ್ಚಲಿಕ್ಕೆ ಬಂದಿಲ್ರೀ ನಾನು. ಇಕಿನ ಕಳ್ಳಿ ಆದ್ರ ನಾನ ಕಿವಿ ಹಿಡಿದು ತವರಿಗೆ ಒಯ್ತೀನಿ. ಪೆಟ್ಟಿಗಿ ತೋರಸ್ರಿ,” ಎಂದರು ಅಕ್ಕೋರು. ಆ ಮಾತಿಗೆ ಸುಮಿತ್ರವ್ವ ದಾರಿ ಬಿಟ್ಟಳು.

ದೇವರ ಕೋಣೆಯ ಮೂಲೆಯಲ್ಲಿ ಹಳೆಯ ಸಾಗವಾನಿ ಪೆಟ್ಟಿಗೆ. ಬೀಗ ಒಡೆದಿರಲಿಲ್ಲ. ಬೀಗದ ಕೈ ಬಸವಣ್ಣನ ಫೋಟೋದ ಹಿಂದೆ ಇರುವುದು ಮನೆಯವರಿಗೆ ಮಾತ್ರ ಗೊತ್ತಿತ್ತು. ಪೆಟ್ಟಿಗೆಯ ಮುಂದೆ ಹಾಸುಗಲ್ಲಿನ ಮೇಲೆ ಹಳದಿ ಕಲೆಗಳಿದ್ದವು, ಎಲ್ಲರಿಗೂ ತೋರಿಸಲೆಂದು ಸುಮಿತ್ರವ್ವ ಒರೆಸದೆ ಬಿಟ್ಟಿದ್ದಳು. ಬೆರಳಿನ ಗುರುತು, ಅದರ ಹಿಂದೆ ಪಾದದ ಮುಂಭಾಗ, ಅಷ್ಟೇ. ಹಿಮ್ಮಡಿಯ ಗುರುತು ಒಂದೂ ಇರಲಿಲ್ಲ.

ಅಕ್ಕೋರು ಕುಕ್ಕರಗಾಲಲ್ಲಿ ಕುಳಿತು, ಬಸ್ ಟಿಕೆಟನ್ನು ಆ ಕಲೆಗೆ ತಿಕ್ಕಿ ಬೆಳಕಿಗೆ ಹಿಡಿದರು. ಕಾಗದ ಆ ಜಾಗದಲ್ಲಿ ತೆಳ್ಳಗೆ ಕಂಡಿತು, ಆಚೆಯ ಬೆಳಕು ಈಚೆ ಬರುತ್ತಿತ್ತು. ನೇತ್ರಾ ಜರಡಿ ಹಿಡಿದ ಪುಡಿಯನ್ನು ತರಿಸಿ ನನ್ನ ಟಿಕೆಟ್ಟಿಗೆ ತಿಕ್ಕಿದರು. ಅದು ಬರೀ ಹಳದಿಯಾಯಿತು.

“ಸರ ಯಾರಿಗೆ ಕೊಡಬೇಕಂತ ಇತ್ರೀ?” ಎಂದು ಕೇಳಿದರು.

ಸುಮಿತ್ರವ್ವ ಮುಖ ತಿರುಗಿಸಿದಳು. “ನಮ್ಮವ್ವನ ಸರ ಅದು. ಯುಗಾದಿಗೆ ಇಕಿಗೇ ಹಾಕಬೇಕಂತ ಮಾಡಿದ್ನಿ. ಇಕಿಗೆ ಹೇಳಿರಲಿಲ್ಲ, ಗಂಡಸರ ಮುಂದ ಅಂದಿದ್ದೆ. ಕೊಡಾಕ ಹೊಂಟಾಕಿ ಮನ್ಯಾಗ ಇಕಿನ ಕಳುವು ಮಾಡ್ತಾಳಂತ ಯಾರಿಗೆ ಗೊತ್ತಿತ್ತು?” ಆ ಮಾತು ಕೇಳಿ ನೇತ್ರಾ ಮೊದಲ ಸಲ ತಲೆ ತಗ್ಗಿಸಿದಳು. ನನಗೆ ಸುಮಿತ್ರವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಮಧ್ಯಾಹ್ನ ಮನೆಯೊಳಗೆ ಹೋದವರನ್ನು ಕಂಡವಳು ಒಬ್ಬಳೇ, ಎದುರು ಮನೆಯ ಮುದುಕವ್ವ. ಹೊಲ, ಮನೆ, ನಾಲ್ಕು ಗಂಡುಮಕ್ಕಳನ್ನು ಆಳಿದ ಹೆಂಗಸು. ಈಗ ಕಣ್ಣಿಗೆ ಪೊರೆ ಬಂದು ಕಟ್ಟೆ ಹಿಡಿದಿದ್ದಳು. ಮುಖ ಕಾಣಲಿಲ್ಲ, ತಲೆಯ ಮೇಲೆ ಬಟ್ಟೆ ಹೊದ್ದ ಒಂದು ಆಕಾರ ಕಂಡಿತು ಎಂದಳು. ಸೆರಗು ಹೊದ್ದ ನೇತ್ರಾಳೇ ಅದು ಎಂದು ಓಣಿ ತೀರ್ಮಾನಿಸಿತ್ತು.

“ಹೆಂಗ ನಡೀತಿತ್ತು ಅದು?” ಎಂದು ಅಕ್ಕೋರು ಪಕ್ಕದಲ್ಲಿ ಕುಳಿತರು.

“ತುದಿಗಾಲ ಮ್ಯಾಲ, ಯವ್ವಾ. ಕಳ್ಳರು ಮತ್ತ ಹೆಂಗ ನಡೀತಾರ?”

“ಕುಂಟತಿತ್ತೇನು?”

ನಾನು ಹೇಮಪ್ಪನ ಕಡೆ ನೋಡಿದೆ. ಆದರೆ ಮುದುಕವ್ವ ತಲೆ ಅಲ್ಲಾಡಿಸಿದಳು. “ಕುಂಟಿದ್ರ ಒಂದ ಕಡಿ ವಾಲತೈತಿ. ಇದು ಎರಡೂ ಕಾಲು ಒಂದ ಸಮ ಕಿತ್ತು ಕಿತ್ತು ಇಡತಿತ್ತು.”

“ಕಾಲು ಎಳೀತಿತ್ತೋ, ಮುಗ್ಗರಸತಿತ್ತೋ?”

“ಎರಡೂ ಇಲ್ಲ. ಕುಡದಾವ ತೂರಾಡತಾನ, ಹಂಗೂ ಅಲ್ಲ.”

“ಕಾಲಾಗ ಮೆಟ್ಟು?”

“ಸಪ್ಪಳ ಇರಲಿಲ್ಲ. ಬರಿಗಾಲು.”

“ತುದಿಗಾಲು ಹಾಕಿದ್ದು ಬಾಗಿಲ ಹತ್ರನೋ, ಅದಕ್ಕೂ ಮೊದಲೋ?”

“ಅಲ್ಲಿ ಬೇವಿನ ಗಿಡ ಐತೆಲ್ಲ, ಅಲ್ಲಿಂದ ಬಾಗಲತನ. ಹೊಳ್ಳಿ ಹೋಗೋವಾಗೂ ಗಿಡದತನ ಹಂಗ. ಅದಕ್ಕೂ ಮೊದಲ ಗಿಡದ ಕಡೆ ಫಟಫಟಿ ಗಾಡಿ ಬಂದು ನಿಂತಿತ್ತು.”

ಅಕ್ಕೋರು ಆಕೆಯ ಕೈ ಹಿಡಿದು, “ನಿನ್ನ ಕಣ್ಣಿಗೆ ಪೊರಿ ಬಂದದ, ಮುದುಕವ್ವಾ, ನೋಟಕ್ಕ ಬಂದಿಲ್ಲ,” ಎಂದರು. ಆಮೇಲೆ ಮುಂಡರಗಿಗೆ ಹೊರಡಲು ಹೇಮಪ್ಪನಿಗೆ ಹೇಳಿದರು. ಸುಮಿತ್ರವ್ವನೂ ನಮ್ಮ ಜೊತೆ ಟಂಟಂ ಹತ್ತಿದಳು. ದಾರಿಯಲ್ಲಿ ನಾನು ಎಷ್ಟು ಕೆದಕಿದರೂ ಅಕ್ಕೋರು ಬಾಯಿ ಬಿಡಲಿಲ್ಲ. ನೇತ್ರಾ ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

ಮುಂಡರಗಿಯ ಹೊರಗೆ ಒಬ್ಬ ರೈತನ ಕಣದಲ್ಲಿ ತಂಡ ತಂಗಿತ್ತು. ಇನ್ನೂ ಬೆಳಕಿತ್ತು. ಊರಿನ ಹೆಣ್ಣುಮಕ್ಕಳು ಹಿತ್ತಾಳೆ ಕೊಡಗಳಲ್ಲಿ ಬಿಸಿನೀರು ತಂದು ಪಾದಯಾತ್ರಿಗಳ ಕಾಲು ತೊಳೆಯುತ್ತಿದ್ದರು. ಬೊಬ್ಬೆಯೆದ್ದ ಅಂಗಾಲುಗಳಿಗೆ, ಹಿಮ್ಮಡಿಯಿಂದ ಬೆರಳಿನವರೆಗೆ, ಅರಿಷಿಣ ಕಲಸಿದ ಬಿಸಿ ಎಣ್ಣೆ ಹಚ್ಚುತ್ತಿದ್ದರು. ಅಂದಪ್ಪ ಕವೆಗೋಲಿಗೆ ಒರಗಿಸಿದ ಕಂಬಿಯ ಪಕ್ಕದಲ್ಲೇ ಕುಳಿತಿದ್ದರು. ಮೌನೇಶ ಮರಗಾಲು ಬಿಚ್ಚಿ, ಹಗ್ಗ ಒತ್ತಿ ಕೆಂಪಾದ ಮೀನಖಂಡ ತಿಕ್ಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಕಂಡು ಎದ್ದು ನಿಂತ, ಅಪ್ಪನ ಕಡೆ ನೋಡಿ ಮತ್ತೆ ಕುಳಿತ.

ಹಿರಿಯರೆಲ್ಲ ಸುತ್ತ ಕುಳಿತ ಮೇಲೆ ಅಂದಪ್ಪ, “ಹೇಳ್ರಿ ಅಕ್ಕೋರ. ನಿಮ್ಮ ಮಾತು ಮುಗದ ಮ್ಯಾಲ ನಮ್ಮದು,” ಎಂದರು.

“ಕಳ್ಳರು ತುದಿಗಾಲಲೆ ನಡೀತಾರ, ಖರೆ,” ಎಂದು ಅಕ್ಕೋರು ಶುರು ಮಾಡಿದರು. “ಆದ್ರ ಎಲ್ಲಿ? ಮಲಗಿದವರ ಹತ್ರ. ನಡು ಓಣ್ಯಾಗ ತುದಿಗಾಲು ಹಾಕಿದ್ರ ನೋಡದವರೂ ನೋಡ್ತಾರ. ಈ ಮನಷ್ಯಾ ಫಟಫಟಿ ಸಪ್ಪಳ ಮಾಡಿಕೋತ ಬಂದು, ಗಿಡದಿಂದ ಬಾಗಿಲತನಕ ತುದಿಗಾಲು ಹಾಕ್ಯಾನ. ಅಂದ್ರ ಅದು ಕದ್ದು ನಡಿಯೋ ನಡಿಗಿ ಅಲ್ಲ. ಹಿಮ್ಮಡಿ ಊರಲಿಕ್ಕೆ ಆಗಲಾರದವನ ನಡಿಗಿ. ಒಂದ ಕಾಲು ನೊಂದಿದ್ರ ಕುಂಟತಿದ್ದ. ಎರಡೂ ನೊಂದಾವ.”

ಕಣದಲ್ಲಿ ಕುಳಿತವರು ತಮ್ಮ ತಮ್ಮ ಕಾಲು ನೋಡಿಕೊಂಡರು.

“ನೇತ್ರಾನ ಹಿಮ್ಮಡಿ ನೋಡ್ರಿ, ಒಂದು ಗೀರೂ ಇಲ್ಲ. ತಲಿ ಮ್ಯಾಲ ಬಟ್ಟಿ ಇತ್ತಂತ ಈಕಿನ ಅಂದ್ರಿ, ಬಿಸಲಿಗೆ ಗಂಡಸರೂ ಟವೆಲ್ ಹೊದ್ಕೋತಾರ. ಪೆಟ್ಟಿಗಿ ಮುಂದಿನ ಕಲೆ ಬರೇ ಅರಿಷಿಣ ಅಲ್ಲ, ಅದರಾಗ ಎಣ್ಣಿ ಅದ. ಟಿಕೆಟ್ ನೋಡ್ರಿ. ಈಕಿ ಹತ್ರ ಇದ್ದದ್ದು ಒಣ ಪುಡಿ. ಎಣ್ಣಿ ಅರಿಷಿಣ ಎಲ್ಲಿ ಹಚ್ಚತಾರ ಅನ್ನೋದು ಇಲ್ಲಿ ಕುಂತ ಎಲ್ಲಾರಿಗೂ ಗೊತ್ತದ. ನಿನ್ನೆ ಮಧ್ಯಾಹ್ನ ತಂಗಿದಲ್ಲೂ ಹಚ್ಚಿದ್ರೇನು?”

“ಹಚ್ಚಿದ್ರರಿ,” ಎಂದರು ಇಬ್ಬರು ಮೂವರು.

“ಬೀಗದ ಕೈ ಇರೋ ಜಾಗ ಗೊತ್ತಿದ್ದವರು ಈ ತಂಡದಾಗ ಮೂರೇ ಮಂದಿ. ಅಂದಪ್ಪನವರು ಕಂಬಿ ಬಿಟ್ಟು ಏಳೋದಿಲ್ಲ, ಎದ್ರ ಇಡೀ ತಂಡಕ್ಕ ಕಾಣಸತದ. ಮೌನೇಶ ಮರಗಾಲಿನ ಮ್ಯಾಲ ನಡಿಯಾವ. ಅವನ ಅಂಗಾಲು ಸುಡೋ ಡಾಂಬರನ್ನ ಮುಟ್ಟೇ ಇಲ್ಲ. ನೋವು ಮೀನಖಂಡದಾಗ ಅದ, ಹಿಮ್ಮಡಿಯಾಗ ಇಲ್ಲ.”

ಎಲ್ಲರ ಕಣ್ಣೂ ವೀರೇಶನ ಕಡೆ ತಿರುಗಿದವು. ಸುಮಿತ್ರವ್ವ ಎದ್ದೇಬಿಟ್ಟಳು. “ಏ, ನನ್ನ ತಮ್ಮಗ ಏನರ ಅಂದ್ರ ನೋಡ್ರಿ!”

ವೀರೇಶ ನಗಲು ನೋಡಿದ. “ಕಾಲಿಗೆ ಬೊಬ್ಬಿ ಬಂದಾವ್ರೆಲ್ಲಾ ಕಳ್ಳರೇನ್ರಿ?”

“ನಿನ್ನೆ ಮುಲಾಮು ತರತೀನಂತ ನನ್ನ ಫಟಫಟಿ ಒಯ್ದಿದ್ದೆಲ್ಲೋ ನೀ,” ಎಂದ ತಂಡಕ್ಕೆ ನೀರು ಪೂರೈಸುತ್ತಿದ್ದ ಒಬ್ಬ. “ಎಲ್ಲಾರೂ ಮಲಕೊಂಡು ಏಳೋತನಕ ಬರಲಿಲ್ಲ.”

“ಮೆಟ್ಟು ಹಾಕ್ಕೊಂಡಿದ್ರ ನೀ ಸೀದಾ ನಡಿತಿದ್ದಿ, ತಮ್ಮಾ,” ಎಂದರು ಅಕ್ಕೋರು. ದನಿಯಲ್ಲಿ ಸಿಟ್ಟಿರಲಿಲ್ಲ. “ಮುದುಕವ್ವಗ ನೂರರಾಗ ಒಬ್ಬನ ಹಂಗ ಕಾಣಿಸ್ತಿದ್ದಿ, ಕಲೆನೂ ಬೀಳತಿರಲಿಲ್ಲ. ಆದ್ರ ನೀ ಹಾಕ್ಕೊಳ್ಳಲಿಲ್ಲ. ಅಕ್ಕನ ಪೆಟ್ಟಿಗಿಗೆ ಕೈ ಹಾಕೋ ಧೈರ್ಯ ಬಂತು, ಮಲ್ಲಯ್ಯನ ವ್ರತ ಮುರಿಯೋ ಧೈರ್ಯ ಬರಲಿಲ್ಲ. ಅದಕ್ಕ ಹೇಳ್ತೀನಿ, ನಾ ಸುಳ್ಳಾದ್ರ ಸುಳ್ಳಂತ ಕಂಬಿ ಮುಟ್ಟಿ ಹೇಳು. ನಾ ಇಲ್ಲೇ ಎಲ್ಲಾರ ಕಾಲು ಹಿಡಿದು ಹೋಗತೀನಿ.”

ವೀರೇಶ ಎದ್ದ. ಕಂಬಿಯ ಕಡೆಗೆ ತುದಿಗಾಲಲ್ಲೇ, ಎರಡೂ ಕಾಲು ಒಂದೇ ಸಮ ಕಿತ್ತು ಕಿತ್ತು ಇಡುತ್ತ ನಡೆದ. ಕೈ ಚಾಚಿದ. ಕೈ ಗೆಜ್ಜೆಯವರೆಗೆ ಹೋಯಿತು, ಮುಟ್ಟಲಿಲ್ಲ. ಅಲ್ಲಿಯೇ ಕುಸಿದು ಕುಳಿತು ಧೋತರದ ಗಂಟು ಬಿಚ್ಚಿದ. ಬೋರಮಾಳ ಸರ ಹೊರಗೆ ಬಂತು.

“ಅವ್ವನ ಸರ, ಅಕ್ಕಾ. ಹೊರಗಿನಾಕಿ ಕೊಳ್ಳಾಗ ಹಾಕತೀನಿ ಅಂದಿ. ನನಗ ತಡ್ಯಾಕ ಆಗಲಿಲ್ಲ.”

ಎದ್ದು ನಿಂತಿದ್ದ ಸುಮಿತ್ರವ್ವ ಅಲ್ಲೇ ಕುಳಿತಳು. ಅಂದಪ್ಪ ಹೇಳಿದರು: “ಯಾತ್ರಿಗೆ ಹೊರಟಾವನ ಹೊಳ್ಳಸಬಾರದು. ನೀನೂ ಬಾ. ಆದ್ರ ಎಲ್ಲಾರಕಿಂತ ಹಿಂದ ನಡಿ. ಮಲ್ಲಯ್ಯನ ಮುಂದ ನಿಂತು ಈ ಮಾತು ನೀನ ಹೇಳು.”

ಸುಮಿತ್ರವ್ವ ಸರ ಎತ್ತಿಕೊಂಡು ಸೊಸೆಯ ಕೊರಳಿಗೆ ಹಾಕಲು ಬಂದಳು. ನೇತ್ರಾ ಆ ಕೈಯನ್ನು ಮೆತ್ತಗೆ ಹಿಂದೆ ಸರಿಸಿದಳು.

“ಸರ ಆಮ್ಯಾಲ ನೋಡೂಣ, ಅತ್ತಿ. ಓಣ್ಯಾಗ ನಿಂತು ಕಳ್ಳಿ ಅಂದೀರಿ. ಅದ ಓಣ್ಯಾಗ ನಿಂತು ಅಲ್ಲ ಅನ್ರಿ.”

ಆಗ ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಇವಳಿಗೆ ಡ್ರಿಲ್ಲು ಕಲಿಸಿದವಳು ನಾನು ಎಂದು ಪಕ್ಕದಲ್ಲಿದ್ದವರಿಗೆ ಹೇಳಿಯೂ ಬಿಟ್ಟೆ. ಮೌನೇಶ ಬಂದು ಹೆಂಡತಿಯ ಬಟ್ಟೆಯ ಗಂಟನ್ನು ತಾನೇ ಎತ್ತಿ ಟಂಟಂನಲ್ಲಿಟ್ಟ. “ನಿನ್ನೆನ ನಾ ಮಾತಾಡಬೇಕಿತ್ತು,” ಎಂದ. “ಹೌದು,” ಎಂದಳು ಅವಳು, ಅಷ್ಟೇ.

ಅಡರಕಟ್ಟಿ ಮುಟ್ಟಿದಾಗ ಓಣಿಯವರೆಲ್ಲ ಊಟಕ್ಕೆ ಮುಂಚೆ ಕಟ್ಟೆಗಳ ಮೇಲೆ ಕುಳಿತಿದ್ದರು. ಹೇಮಪ್ಪ ಮನೆಯ ಮುಂದೆಯೇ ಬಿಡುತ್ತೇನೆಂದ. ಸುಮಿತ್ರವ್ವ ಬೇಡವೆಂದು ಬೇವಿನ ಗಿಡದ ಹತ್ತಿರವೇ ಇಳಿದಳು. ಊರಲ್ಲಿ ಎಂದೂ ಯಾರಿಗೂ ದಾರಿ ಬಿಟ್ಟುಕೊಡದ ಹೆಂಗಸು ಪಕ್ಕಕ್ಕೆ ಸರಿದು ನಿಂತಳು.

“ನೇತ್ರಾ, ನೀ ಮುಂದ ನಡಿ.”

ನೇತ್ರಾ ನಡೆದಳು. ಅವಸರವಿರಲಿಲ್ಲ, ಅಳುಕೂ ಇರಲಿಲ್ಲ, ಪಾದವನ್ನು ಪೂರ್ತಿ ಊರಿ ನಡೆದಳು. ಅವಳ ಹಿಂದೆ ಸುಮಿತ್ರವ್ವ ಒಂದೊಂದು ಕಟ್ಟೆಯ ಮುಂದೆಯೂ ನಿಂತು, ನಿನ್ನೆ ಕೂಗಿದಷ್ಟೇ ಗಟ್ಟಿಯಾಗಿ, “ಕಳ್ಳಿ ಅಂದಿದ್ದು ನನ್ನ ತಪ್ಪು. ನನ್ನ ತಮ್ಮ ಕದ್ದಾನ, ನನ್ನ ಸೊಸಿ ಅಲ್ಲ,” ಎಂದು ಹೇಳುತ್ತ ಬಂದಳು. ಕೊನೆಯ ಕಟ್ಟೆಗೆ ಬರುವಷ್ಟರಲ್ಲಿ ಅವಳ ದನಿ ಒಡೆದಿತ್ತು, ಆದರೂ ನಿಲ್ಲಿಸಲಿಲ್ಲ.

ಮುದುಕವ್ವ ಬೀದಿದೀಪಕ್ಕೆ ಕೈ ಅಡ್ಡ ಹಿಡಿದು ನೋಡಿದಳು. “ಯಾರದು, ಮುಂದ ಬರಾಕತ್ತಾಕಿ?”

ಯಾರೂ ಉತ್ತರ ಕೊಡುವ ಮೊದಲೇ ತಾನೇ ತಲೆಯಾಡಿಸಿ, “ಬಾಗಲ ತಗೀರೆಲೇ,” ಎಂದಳು. “ಮನಿಯಾಕಿ ಬಂದ್ಲು.”