ರಾಜನಿಲ್ಲದ ನಾಣ್ಯ

“ತಗೋ ನಿನ್ನ ಬಿಲ್ಲೆ. ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಹಂಗಾಗಿದೆ!” ಎಂದು ಅಪ್ಪ ಅದನ್ನು ಬುಗುರಿಯ ಅಂಗೈ ಮೇಲಿಟ್ಟ.

ಬುಗುರಿ ನೋಡಿದಳು. ತಿರುಗಿಸಿ ನೋಡಿದಳು. ಎರಡೂ ಕಡೆ ಕಂಡದ್ದು ಅವಳದೇ ಮೂಗು.

“ಅಪ್ಪಾ, ಇದರಲ್ಲಿ ರಾಜ ಇದ್ದ!”

“ಯಾವ ರಾಜ?”

“ನಾಣ್ಯದ ರಾಜ! ಇದು ಅಜ್ಜಿಯ ಹಳೇ ನಾಣ್ಯ!”

ಅಪ್ಪ ಪಾಲಿಶ್ ಮಷೀನಿನ ಸ್ವಿಚ್ ಆಫ್ ಮಾಡಿದ. “ನಲ್ಲಿಗಳ ಟ್ರೇನಲ್ಲಿ ಬಿದ್ದಿತ್ತಲ್ಲೇ! ಕಪ್ಪಗೆ ಇತ್ತು, ಯಾವುದೋ ಮುಚ್ಚಳ ಅನ್ಕೊಂಡೆ. ಅಲ್ಲಿ ಇಟ್ಟಿದ್ದು ಯಾರು?”

ಇಟ್ಟವಳು ಬುಗುರಿಯೇ. ನಿಂತಲ್ಲಿ ನಿಲ್ಲದ ಹುಡುಗಿ ಎಂದು ಮನೆಯವರು ಇಟ್ಟ ಹೆಸರು ಅದು. ಅಪ್ಪನದು ಪಾಲಿಶ್ ಅಂಗಡಿ. ನಲ್ಲಿ, ಬಾಗಿಲ ಹಿಡಿಕೆ, ಚಿಲಕ, ಏನೇ ಬರಲಿ, ಹೊಳೆಯದೆ ವಾಪಸ್ ಹೋಗುವಂತಿಲ್ಲ. ಮರುದಿನ ಶಾಲೆಯಲ್ಲಿ ‘ನಮ್ಮ ಹಣದ ಕತೆ’ ಎಂಬ ಪ್ರದರ್ಶನವಿತ್ತು. ಅಜ್ಜಿಯನ್ನು ಕಾಡಿ ಬೇಡಿ ನಾಣ್ಯ ತಂದಿದ್ದಾಳೆ, ಅದು ನೋಡಿದರೆ ಆರಿದ ಇದ್ದಿಲಿನ ಹಾಗಿದೆ. ಒಂಚೂರು ಹೊಳೆದರೆ ಚೆನ್ನ ಅಂದುಕೊಂಡಿದ್ದಳು, ಅಷ್ಟೆ. ಆದರೆ ‘ಒಂಚೂರು’ ಹೊಳೆಸಿ ಬಿಡುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ.

“ನಿಮ್ಮಜ್ಜಿಗೆ ನೀನೇ ಹೇಳು,” ಎಂದ ಅಪ್ಪ.

“ಪಾಲಿಶ್ ಮಾಡಿದ್ದು ನೀನು!”

“ಟ್ರೇಗೆ ಹಾಕಿದ್ದು ನೀನು!”

ಕೊನೆಗೆ ಒಂದು ವಿಷಯಕ್ಕೆ ಇಬ್ಬರೂ ಒಪ್ಪಿದರು: ನಾಳೆ ಹೇಳೋಣ.

ಮರುದಿನ ಬುಗುರಿ ನಾಣ್ಯವನ್ನು ಮೇಜಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಇಟ್ಟಳು. ಪಕ್ಕದಲ್ಲೇ ಅವಳ ಕ್ಲಾಸಿನ ಹುಡುಗ, ಎಲ್ಲರೂ ಆಲ್ಬಮ್ ಎಂದು ಕರೆಯುವವನು, ನಿಂತಿದ್ದ. ಅವನ ನಿಜವಾದ ಹೆಸರು ಈಗ ಅವನ ಅಮ್ಮನಿಗೆ ಮಾತ್ರ ನೆನಪಿರಬೇಕು. ಅವನ ದಪ್ಪ ಪುಸ್ತಕದಲ್ಲಿ ರಾಜನ ಕಾಲದ ನಾಣ್ಯಗಳು, ರಾಜ ಹೋದಮೇಲಿನ ನಾಣ್ಯಗಳು, ನಿಂತುಹೋದ ನೋಟುಗಳು, ಎಲ್ಲಕ್ಕೂ ಇಸವಿ ಬರೆದು ಸಾಲಾಗಿ ಜೋಡಿಸಿದ್ದ.

ಹೆಡ್‌ಮಾಸ್ಟರು ಅವನ ಪುಸ್ತಕ ನೋಡಿ ತಲೆಯಾಡಿಸಿದರು. ಆಮೇಲೆ ಮೂಲೆಯಲ್ಲಿ ಏನೋ ಫಳಕ್ಕೆಂದಿತು.

“ಇದೇನಿದು? ರಾಜ ಇಲ್ಲ. ಇಸವಿ ಇಲ್ಲ. ಒಂದಕ್ಷರವೂ ಇಲ್ಲ!” ಅವರ ಕಣ್ಣು ಅರಳಿತು. “ಅಂದ್ರೆ ಏನರ್ಥ? ಅಕ್ಷರ ಹುಟ್ಟೋಕೆ ಮುಂಚಿನ ನಾಣ್ಯ!”

“ಸಾರ್, ಅದು...”

“ಇರು ಮಗೂ. ಅಂಚಲ್ಲಿ ಈ ಕಚ್ಚು ನೋಡು. ಇದು ನಾಣ್ಯ ಅಚ್ಚು ಹಾಕೋ ಟಂಕಸಾಲೆಯ ಗುರುತು.”

“ಸಾರ್, ನಮ್ಮಪ್ಪ...”

“ನಿಮ್ಮಪ್ಪನಿಗೆ ನನ್ನ ಅಭಿನಂದನೆ ತಿಳಿಸು. ಯಾರಲ್ಲಿ, ಗಾಜಿನ ಪೆಟ್ಟಿಗೆ ತನ್ನಿ!”

ಲ್ಯಾಬಿನ ಗಾಜಿನ ಪೆಟ್ಟಿಗೆಯಿಂದ ಕಪ್ಪೆಯ ಅಸ್ಥಿಪಂಜರವನ್ನು ಎತ್ತಿಟ್ಟು ಅದರ ಜಾಗದಲ್ಲಿ ನಾಣ್ಯವನ್ನು ಕೂರಿಸಿದರು. ‘ಅತಿ ಪ್ರಾಚೀನ’ ಎಂಬ ಚೀಟಿಯನ್ನು ಹೆಡ್‌ಮಾಸ್ಟರೇ ಬರೆದು ಅಂಟಿಸಿದರು. ಮಧ್ಯಾಹ್ನದ ಹೊತ್ತಿಗೆ ಮೊದಲ ಬಹುಮಾನದ ಕಪ್ ಬುಗುರಿಗೆ ಬಂತು. ಎಲ್ಲ ಇಸವಿ ಬರೆದಿದ್ದ ಆಲ್ಬಮ್‌ಗೆ ಎರಡನೆಯದು. ಬುಗುರಿಗೆ ಖುಷಿಯಾಗಬೇಕಿತ್ತು, ಆದರೆ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಅಜ್ಜಿ ಬರುವ ಹೊತ್ತಾಗಿತ್ತು.

ಅಜ್ಜಿ ಬಂದೇಬಿಟ್ಟಳು. ಮೇಜಿನಿಂದ ಮೇಜಿಗೆ ಬಗ್ಗಿ ನೋಡುತ್ತ ಬಂದವಳು ಗಾಜಿನ ಪೆಟ್ಟಿಗೆಯನ್ನು ದಾಟಿ ಮುಂದೆ ಹೋದಳು.

“ಎಲ್ಲೇ ನಂದು?”

ಕಳೆದುಹೋಯಿತು ಎಂದುಬಿಡಬಹುದಿತ್ತು. ಬುಗುರಿಯ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳ ಬೆರಳು ಪೆಟ್ಟಿಗೆಯ ಕಡೆ ಹೋಯಿತು.

ಅಜ್ಜಿ ವಾಪಸ್ ಬಂದು ಪೆಟ್ಟಿಗೆಯ ಮೇಲೆ ಬಗ್ಗಿದಳು. “ಇದಾ?” ಅವಳ ದನಿ ಸಣ್ಣಗಾಯಿತು.

“ಹೊಳೀಲಿ ಅಂತ ಅಪ್ಪನ ಟ್ರೇಗೆ ಹಾಕ್ದೆ ಅಜ್ಜಿ. ರಾಜ ಹೋಗ್ಬಿಟ್ಟ.” ಬುಗುರಿಗೆ ಅಳು ಬಂತು.

“ಯಾವ ರಾಜ?” ಎಂದರು ಹೆಡ್‌ಮಾಸ್ಟರು. ಅವರು ಯಾರೋ ತಂದೆತಾಯಿಯರಿಗೆ ಟಂಕಸಾಲೆಯ ಗುರುತನ್ನು ವಿವರಿಸುತ್ತಿದ್ದರು.

ಅಜ್ಜಿ ಪೆಟ್ಟಿಗೆಯ ಮುಚ್ಚಳ ತೆಗೆದು ನಾಣ್ಯವನ್ನು ಎತ್ತಿಕೊಂಡಳು. ಅಂಚನ್ನು ಬೆರಳಲ್ಲಿ ಸವರಿದಳು.

“ಇದು ಟಂಕಸಾಲೆ ಗುರುತಲ್ಲ ಸಾರ್. ಅಂಗಿ ಗುಂಡಿ ಒತ್ತೋ ಮಷೀನಿನ ಗುರುತು. ಗುಂಡಿ ಕಾರ್ಖಾನೆಯಲ್ಲಿ ನಂಗೆ ಬಂದ ಮೊದಲ್ನೇ ಸಂಬಳದ ನಾಣ್ಯ ಇದು. ಗುಂಡಿ ಆಗುತ್ತಾ ನೋಡೋಣ ಅಂತ ಮಷೀನಿನ ಕೆಳಗೆ ಇಟ್ಟೆ.”

“ಅಜ್ಜೀ! ನೀನಾ?”

“ಮತ್ತಿನ್ಯಾರು? ಮೇಸ್ತ್ರಿ ಹತ್ರ ಚೆನ್ನಾಗಿ ಉಗಿಸ್ಕೊಂಡೆ. ರಾಜ ಹೋಗಿ ಹೊಸ ನಾಣ್ಯ ಬಂದಾಗ ಎಲ್ಲರೂ ಹಳೇದು ಕೊಟ್ಟು ಬದಲಾಯಿಸ್ಕೊಂಡ್ರು. ನಾನೂ ಕ್ಯೂನಲ್ಲಿ ನಿಂತೆ. ಏಟು ಬಿದ್ದ ನಾಣ್ಯ ಬೇಡ ಅಂತ ಬ್ಯಾಂಕಿನವರು ವಾಪಸ್ ಕಳಿಸಿದ್ರು. ಹಂಗೇ ಉಳ್ಕೊಂಡ್ತು.”

ಅಜ್ಜಿ ಅದನ್ನು ಪ್ರೀತಿಯಿಂದ ಕಾದಿಟ್ಟಿದ್ದಾಳೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನೋಡಿದರೆ ಅದು ಯಾರಿಗೂ ಬೇಡವಾಗಿ ಉಳಿದದ್ದು.

ಹೆಡ್‌ಮಾಸ್ಟರು ಕೆಮ್ಮಿದರು. ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ನೋಟುಗಳ ಮೇಜಿನ ಕಡೆ ಭಾರೀ ಅವಸರವಿದ್ದವರಂತೆ ನಡೆದರು. ಬುಗುರಿ ಕಪ್ಪನ್ನು ಆಲ್ಬಮ್‌ನ ಮೇಜಿನ ಮೇಲೆ ತಳ್ಳಿದಳು.

ಆಲ್ಬಮ್ ಕಪ್ಪನ್ನು ನೋಡಿದ, ಅಜ್ಜಿಯನ್ನು ನೋಡಿದ. ತನ್ನ ಪುಸ್ತಕದಿಂದ ಒಂದು ನಾಣ್ಯ ಬಿಡಿಸಿ ತಂದ. “ಅಜ್ಜಿ, ಇದು ಅದೇ ನಾಣ್ಯ. ಅದೇ ರಾಜ, ಅದೇ ಬೆಲೆ. ನನ್ನ ಹತ್ರ ಇನ್ನೊಂದಿದೆ, ಇದು ನೀವು ತಗೊಳ್ಳಿ.”

ಬುಗುರಿಗೆ ಹೋದ ಜೀವ ಬಂದಂತಾಯಿತು. ಅಪ್ಪನೂ ಬಚಾವ್, ತಾನೂ ಬಚಾವ್!

ಅಜ್ಜಿ ಅದನ್ನು ಕಣ್ಣಿನಿಂದ ದೂರ ಹಿಡಿದು ಬಹಳ ಹೊತ್ತು ನೋಡಿದಳು. “ಇವನೇ ಕಣೋ. ಇದೇ ಮೀಸೆ.” ಅವಳ ಮುಖ ಅರಳಿತು. ಆಮೇಲೆ ನಾಣ್ಯವನ್ನು ಹುಡುಗನ ಕೈಗೇ ಕೊಟ್ಟಳು. “ಚೆನ್ನಾಗಿ ಇಟ್ಕೊಂಡಿದ್ದೀಯ ಮರಿ. ನಿನ್ನ ಹತ್ರಾನೇ ಇರ್ಲಿ.”

ಬೋಳು ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಪರ್ಸಿಗೆ ಹಾಕಿಕೊಂಡಳು.

“ಯಾಕೆ ಬೇಡ ಅಂದ್ರು? ಎರಡೂ ಒಂದೇ ಅಲ್ವಾ?” ಆಲ್ಬಮ್ ಬುಗುರಿಯ ಕಿವಿಯಲ್ಲಿ ಪಿಸುಗುಟ್ಟಿದ.

“ಒಂದೇ...” ಎಂದು ಶುರುಮಾಡಿದ ಬುಗುರಿ ಅಲ್ಲೇ ನಿಲ್ಲಿಸಿದಳು. ಯಾಕೆಂದು ಅವಳಿಗೆ ಗೊತ್ತಿತ್ತು. ಅವನ ನಾಣ್ಯದ ಕಚ್ಚಿಲ್ಲದ ಅಂಚನ್ನು ಬೆರಳಲ್ಲಿ ಸವರಿ ತೋರಿಸಿದಳು.

ಮನೆಯ ದಾರಿಯಲ್ಲಿ ಅಜ್ಜಿ ಪರ್ಸನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.

“ಅಜ್ಜಿ, ಬೇಜಾರಾ?”

“ಹೂಂ. ತುಂಬಾ.”

“ನಾಳೆಗೆ ಹೋಗುತ್ತಾ?”

“ನಾಳೆಗೆ ಹೋಗಲ್ಲ. ಆಮೇಲಿಂದು ನೋಡೋಣ.”

ಸ್ವಲ್ಪ ದೂರ ನಡೆದ ಮೇಲೆ ಬುಗುರಿ ಕೈ ಚಾಚಿದಳು. “ಪರ್ಸ್ ಕೊಡಜ್ಜಿ, ನಾನು ಹಿಡ್ಕೊಳ್ತೀನಿ.”

“ಬೇಡ.”

ಅಜ್ಜಿ ಯಾವತ್ತೂ ಹಾಗೆ ಬೇಡ ಎಂದವಳಲ್ಲ. ಬುಗುರಿ ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದಳು.

ರಸ್ತೆ ದಾಟುವಲ್ಲಿ ಅಜ್ಜಿ ನಿಂತಳು. ಪರ್ಸನ್ನು ಆ ಕಡೆಯ ಕೈಗೆ ಬದಲಾಯಿಸಿಕೊಂಡು, ಖಾಲಿಯಾದ ಕೈಯನ್ನು ಬುಗುರಿಯ ಮುಂದೆ ಹಿಡಿದಳು. ಬುಗುರಿ ಅದನ್ನು ಹಿಡಿದುಕೊಂಡಳು. ಎಂದಿನಂತೆ ಎಳೆದುಕೊಂಡು ಓಡದೆ, ಅಜ್ಜಿ ಹೆಜ್ಜೆ ಎತ್ತುವವರೆಗೂ ಕಾದಳು.