ಎಂಟನೆಯ ಸಾಲು

೨೦೦೩ರ ಮಾರ್ಚಿನಲ್ಲಿ, ಕಾಲುವೆಯ ಹೂಳು ತೆಗೆಯುತ್ತಿದ್ದ ತುಕ್ಕಾನಟ್ಟಿಯ ಅಫ್ಜಲ ನೀರುಪಾಲಾದ. ಕಾಲುವೆಯೊಳಗೆ ಆಳು ಇರುವುದನ್ನು ಮೂಡಲಗಿ ನೀರಾವರಿ ಕಚೇರಿಯ ಕಂಪ್ಯೂಟರಿನಿಂದ ಅಲ್ಲಿನ ನೌಕರಳಾದ ಫರೀನ ತಡವಾಗಿ ತಿಳಿಸಿದಳೆಂದು, ಗೇಟು ತೆಗೆಸಿದ ಗೋಕಾಕದ ಸಾಹೇಬ ಅವಳ ನೌಕರಿ ಕಳೆಯಹೊರಟ. ನಿವೃತ್ತ ಗಣಿತ ಮಾಸ್ತರನಾದ ನನ್ನ ಮುಂದೆ ಅವಳು ಮೂಡಲಗಿ, ಹುಕ್ಕೇರಿ, ಗೋಕಾಕ ಈ ಮೂರು ಕಚೇರಿಗಳ ದಾಖಲೆ ತಂದಿಟ್ಟಳು. ಅವನ್ನು ಹಿಡಿದು ಸಾಹೇಬನ ಕಚೇರಿಗೆ ಹೋದೆವು.

“ಗೇಟು ತೆಗೆದದ್ದು ಹತ್ತೂ ನಾಕಕ್ಕ. ಇಕಿ ಕಳಿಸಿದ್ದು ಹತ್ತೂ ಹದಿನೈದಕ್ಕ. ಲೆಕ್ಕ ಮುಗೀತಲ್ರಿ ಮಾಸ್ತರ,” ಎಂದ ಸಾಹೇಬ.

“ಅದ ಸಂದೇಶ ನಿಮಗ ಹತ್ತೂ ಮೂರಕ್ಕ ಮುಟ್ಟೈತಿ. ಕಳಿಸೂದಕಿಂತ ಮೊದಲ ಮುಟ್ಟೂದು ಯಾವ ಸಾಲ್ಯಾಗ ಕಲತ್ರಿ?” ಎಂದು ಗದರಿದೆ.

ಒಂದಕ್ಕೊಂದು ಹೊಂದದ ಮೂರು ಕಚೇರಿಗಳ ಗಡಿಯಾರಗಳನ್ನು ಬಿಟ್ಟು, ಕಳಿಸಿದ ಸಾಲಿಗೆ ಮುಟ್ಟಿದ ಸಾಲನ್ನು ಒಂದು ಕಾಗದದ ಮೇಲೆ ಜೋಡಿಸುತ್ತ ಹೋದೆ. ಫರೀನಳ ಸಂದೇಶ ಹುಕ್ಕೇರಿಯ ಮೂಲಕ ಗೋಕಾಕಕ್ಕೆ ಮುಟ್ಟಿದ್ದು ಆರನೆಯ ಸಾಲು. ಗೇಟು ತೆಗೆದದ್ದು ಏಳನೆಯದು. ಆಳು ಒಳಗಿದ್ದದ್ದು ತಿಳಿದೂ ಸಾಹೇಬ ಗೇಟು ತೆಗೆಸಿದ್ದ.

ಎಂಟನೆಯ ಸಾಲಿನಲ್ಲಿ ಗೋಕಾಕಕ್ಕೆ ಇನ್ನೊಂದು ಸಂದೇಶ ಮುಟ್ಟಿತ್ತು: ‘ನಾ ಇನ್ನೂ ಒಳಗ ಅದೀನ್ರಿ.’ ಅದನ್ನು ಕಳಿಸಿದ ಸಾಲು ಮೂರೂ ದಾಖಲೆಗಳಲ್ಲಿ ಇರಲಿಲ್ಲ. ಆ ಸಾಲಿನ ಜಾಗದಲ್ಲಿ ಮಾತ್ರ ಕಾಗದ ಬೆರಳಿಗೆ ತಣ್ಣಗೆ ತಾಗಿತು. ಹೂಳಿನ ವಾಸನೆ ಬಂತು.

“ಯಂತ್ರದ ತಪ್ಪದು, ಆ ಸಾಲ ಹೊಡದ ಹಾಕ್ರಿ,” ಎಂದ ಸಾಹೇಬ.

“ನಿಮ್ಮ ಕೈಲೇನ ಹೊಡೀರಿ,” ಎಂದು ಪೆನ್ನು ಚಾಚಿದೆ.

ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

ಫರೀನಳ ನೌಕರಿ ಉಳಿಯಿತು. ಸಾಹೇಬನದೂ ಉಳಿಯಿತು. ಕಾಗದ ನನ್ನಲ್ಲಿದೆ. ಪ್ರತಿ ಬೇಸಿಗೆಯಲ್ಲೂ ಅದನ್ನು ಬಿಸಿಲಿಗೆ ಹರವುತ್ತೇನೆ. ಎಂಟನೆಯ ಸಾಲು ಇನ್ನೂ ಒಣಗಿಲ್ಲ.